ಹಬ್ಬದ ಹೊಸ ನೀರು

ನಾನು ನಾಲ್ಕಡಿ ಉದ್ದದ, ಮೀನು ಸಾಕುವ ಒಂದು ಗಾಜಿನ ತೊಟ್ಟಿ. ಮಂಡ್ಯದ ಒಂದು ಗಾಜಿನಂಗಡಿಯ ಹಿಂಭಾಗದಲ್ಲಿ ಐದು ಬಿಡಿ ಹಾಳೆಗಳನ್ನು ಅಂಟಿನಿಂದ ಕೂಡಿಸಿ ನನ್ನನ್ನು ಮಾಡಿದರು. ಅಂಟು ಒಣಗುವವರೆಗೆ ಮೈತುಂಬ ಟೇಪು ಸುತ್ತಿಸಿಕೊಂಡು, ಆಸ್ಪತ್ರೆಯಿಂದ ಬಂದವನ ಹಾಗೆ ಗೋಡೆಗೊರಗಿ ಕೂತಿದ್ದೆ. ಜನ ನನ್ನ ಮೂಲಕ ಇನ್ನೇನನ್ನೋ ನೋಡುತ್ತಾರೆ, ನನ್ನನ್ನಲ್ಲ. ಗಾಜಾಗಿ ಹುಟ್ಟಿದ ಮೇಲೆ ಅದಕ್ಕೆ ಬೇಸರಪಟ್ಟುಕೊಳ್ಳುವ ಹಾಗಿಲ್ಲ.

ನನ್ನನ್ನು ಕೊಂಡವನು ಮಾದೇಶ. ಹಾಲಿನ ಡೈರಿಯಲ್ಲಿ ಪಾಳಿ ಕೆಲಸ. ಮನೆಯಲ್ಲಿ ಹೆಂಡತಿ ಜಯಶೀಲ, ತಾಯಿ ಹೊನ್ನಮ್ಮ, ಆರನೇ ಕ್ಲಾಸಿನ ಮಗಳು ಸಿಂಚನ. ಲಗೇಜ್ ಆಟೋದಿಂದ ನನ್ನನ್ನು ಇಳಿಸುವಾಗ ಆ ಹುಡುಗಿ ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಖುಷಿ ಅವಳ ಮುಖದಲ್ಲಿರಲಿಲ್ಲ, ಅನುಮಾನವಿತ್ತು.

"ನಮ್ಮನೆಗೇನಾ?" ಎಂದಳು.

"ಇನ್ಯಾರ ಮನೆಗವ್ವ? ನಿಂಗೇಯ."

"ಸೈಕಲ್ಲೂ ನಂಗೇಯ ಅಂದಿದ್ದೆ. ಮೈಸೂರು ಜೂಗೂ ಹೋಗದು ಅಂದಿದ್ದೆ."

ಮಾದೇಶ ನನ್ನ ಕೆಳಗೆ ಥರ್ಮಾಕೋಲು ಹಾಸಿದ. ಅವನು ಸುಳ್ಳುಗಾರನಲ್ಲ. ಮಾತು ಕೊಡುವಾಗ ಮನಸಾರೆ ಕೊಡುತ್ತಿದ್ದ. ಆಮೇಲೆ ಡೈರಿಯಿಂದ ಫೋನು ಬರುತ್ತಿತ್ತು, ಇನ್ಯಾರೋ ರಜೆ ಹಾಕಿರುತ್ತಿದ್ದರು, ಇವನು ಶರ್ಟು ಹಾಕಿಕೊಂಡು ಹೊರಡುತ್ತಿದ್ದ. ಹಾಗೆ ಹೊರಡುವ ಬೆನ್ನನ್ನು ಸಿಂಚನ ಎಷ್ಟು ಸಲ ನೋಡಿದ್ದಳೋ.

ಈ ಸಲ ಮಾತ್ರ ಅವನು ಪಟ್ಟು ಹಿಡಿದಿದ್ದ. ತಳಕ್ಕೆ ಮಣ್ಣು, ಅದರ ಮೇಲೆ ಸಣ್ಣ ಕಲ್ಲು ಹಾಕಿದ. ಅಪ್ಪ ಮಗಳು ಇಬ್ಬರೂ ಅಂಗಿಯ ತೋಳು ಮಡಚಿ, ರಿಬ್ಬನ್ನಿನಂಥ ಉದ್ದೆಲೆಯ ಗಿಡಗಳನ್ನು ಒಂದೊಂದಾಗಿ ನೆಟ್ಟರು. ನೀರು ಸುರಿದಾಗ ಮಣ್ಣೇಳದಂತೆ ತಳದಲ್ಲಿ ಊಟದ ತಟ್ಟೆ ಇಟ್ಟು, ಅದರ ಮೇಲೆ ಮೆಲ್ಲಗೆ ಹುಯ್ದರು. ಮೀನಂಗಡಿಯವನು ಹೇಳಿ ಕಳಿಸಿದ್ದು ಒಂದೇ ಮಾತು: "ನೀರು ಹಳೇದಾಗ್ಲಿ. ಆಮೇಲೆ ಮೀನು." ಕಣ್ಣಿಗೆ ಕಾಣದ ಜೀವಗಳು ನನ್ನ ಕಲ್ಲಿನಲ್ಲಿ, ನೀರು ಸೋಸುವ ಸ್ಪಂಜಿನಲ್ಲಿ ಹುಟ್ಟಿ ಬೆಳೆಯಬೇಕಿತ್ತು. ಮೀನಿನ ಕೊಳೆಯನ್ನು ತಿಂದು ನೀರನ್ನು ಕಾಯುವುದು ಅವೇ.

ಒಂದು ತಿಂಗಳು ನಾನು ಬರೀ ನೀರು, ಗಿಡ. ಪಕ್ಕದ ಮನೆಯ ಗೌರಮ್ಮ ದಿನಾ ಇಣುಕಿ ನೋಡುತ್ತಿದ್ದಳು. "ಮೀನೆಲ್ಲವ್ವ? ಸಾರಿಗಾಕ್ಬುಟ್ರಾ?" ಸಿಂಚನಳಿಗೆ ಸಿಟ್ಟು ಬರುತ್ತಿತ್ತು, ಆದರೂ ಕಾದಳು. ಬೆಳಕು ಬಿದ್ದಾಗ ಎಲೆಗಳ ಮೇಲೆ ಸಣ್ಣ ಗುಳ್ಳೆಗಳು ಏಳುವುದನ್ನು ಮೊದಲು ಕಂಡವಳು ಅವಳೇ. "ಅಪ್ಪಾ, ಗಿಡ ಉಸುರಾಡ್ತಾ ಐತೆ!" ಮಾದೇಶ ಅರ್ಧ ಊಟ ಬಿಟ್ಟು ಎದ್ದು ಬಂದ. ಇಬ್ಬರ ಮೂಗೂ ನನ್ನ ಮೈಗೆ ಒತ್ತಿಕೊಂಡಿತ್ತು. ನನ್ನ ಬಾಳಿನಲ್ಲಿ ಒಳ್ಳೆಯದು ಅಂತ ಇದ್ದರೆ ಅದೇ.

ಮೀನುಗಳು ಬಂದವು, ಬದುಕಿದವು. ಹುಡುಗಿಯ ಅನುಮಾನ ಕರಗುತ್ತಿತ್ತು. ದಸರಾ ರಜೆಗೆ ಬಂದ ನೆಂಟರ ಚಿಕ್ಕ ಮಕ್ಕಳು ನನ್ನೊಳಗೆ ಕೈ ಹಾಕಿದಾಗ ಅವಳು ಅತ್ತು ರಂಪ ಮಾಡಿದಳು. ಮಾದೇಶ ಅವಳ ತಲೆ ಸವರಿ, "ಇನ್ಮೇಲೆ ಇದ್ನ ಯಾರೂ ಮುಟ್ಟಾಕಿಲ್ಲ ಕಣವ್ವ. ನಾನ್ ನೋಡ್ಕತೀನಿ" ಎಂದ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೂಂ" ಅಂದಳು. ನಂಬಿದಳು.

ದೀಪಾವಳಿ ಬಂತು. ಹಿಂದಿನ ದಿನ ನೀರು ತುಂಬುವ ಹಬ್ಬ. ಮನೆಯ ಹಂಡೆ, ಕೊಳಗ, ಬಿಂದಿಗೆ, ಡ್ರಮ್ಮುಗಳನ್ನೆಲ್ಲ ಬರಿದು ಮಾಡಿ, ಉಜ್ಜಿ, ಹೊಸ ನೀರು ತುಂಬಿ, ಅರಿಶಿನ ಕುಂಕುಮ ಇಡುವುದು. ಸಿಂಚನ ಸ್ಕೂಲಿಗೆ ಹೋಗಿದ್ದಳು, ಜಯಶೀಲ ಗಾರ್ಮೆಂಟ್ಸಿಗೆ. ಮಾದೇಶ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಹೊನ್ನಮ್ಮ ಎಲ್ಲ ಪಾತ್ರೆ ಮುಗಿಸಿ ನನ್ನ ಮುಂದೆ ನಿಂತಳು. ಅವಳ ಕಣ್ಣಿಗೆ ನಾನು ಆ ಮನೆಯ ಅತಿ ದೊಡ್ಡ ಪಾತ್ರೆ.

"ಮಾದೇಸ, ಇದೊಂದ್ರಲ್ಲಿ ಹಳೇ ನೀರು ನಿಂತದಲ್ಲಾ. ಇದ್ಕೂ ತುಂಬ್ಲಾ?"

ಮುಸುಕಿನೊಳಗಿನಿಂದ, "ಹೂಂ, ತುಂಬವ್ವ."

ಅಷ್ಟೇ. ಮುದುಕಿ ಪಾಪ, ಸೊಂಟ ನೋವು ಅನ್ನದೆ, ಚೆಂಬು ಚೆಂಬಾಗಿ ನನ್ನನ್ನು ಬರಿದು ಮಾಡಿದಳು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟಳು. ಗಿಡ, ಮಣ್ಣು ತೆಗೆದು ಹಾಕಿ, ಕಲ್ಲನ್ನು ಬಿಸಿನೀರಿನಲ್ಲಿ ತೊಳೆದಳು. ಸ್ಪಂಜನ್ನು ಸೋಪು ಹಚ್ಚಿ ಹಿಂಡಿದಳು. ಹಳೆಯ ನೀರೆಲ್ಲ ಹಿತ್ತಿಲ ತೆಂಗಿನ ಬುಡಕ್ಕೆ ಹೋಯಿತು. ನಲ್ಲಿಯ ಹೊಸ ನೀರಿಗೆ ಕ್ಲೋರಿನ್ ಔಷಧಿಯ ಘಾಟು. ತುಂಬಿದ ಮೇಲೆ ನನ್ನ ಹಣೆಗೆ ಕುಂಕುಮವಿಟ್ಟು, ಸುತ್ತ ಸೇವಂತಿಗೆ ಸುತ್ತಿ, ಮೀನುಗಳನ್ನು ವಾಪಸು ಬಿಟ್ಟು, ಕೈ ಮುಗಿದಳು. ನಾನು ಅಷ್ಟು ಚೆನ್ನಾಗಿ ಹಿಂದೆಂದೂ ಹೊಳೆದಿರಲಿಲ್ಲ.

ಸಂಜೆ ಸಿಂಚನ ಒಳಗೆ ಕಾಲಿಟ್ಟವಳೇ ಸ್ಕೂಲ್ ಬ್ಯಾಗನ್ನು ಬೀಳಿಸಿದಳು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಅಜ್ಜೀ, ನೀರು ಯಾರು ತೆಗ್ದಿದ್ದು?"

"ನಾನೇ ಕಣ್ ಕೂಸೆ. ನಿಮ್ಮಪ್ಪನ ಕೇಳೇ ಮಾಡ್ದೆ."

ಮಾದೇಶ ದಡಬಡಿಸಿ ಎದ್ದು ಬಂದ. ಅಷ್ಟಿಷ್ಟು ಹಳೆಯ ನೀರು ಎಲ್ಲಾದರೂ ಉಳಿದಿದೆಯೇ ಅಂತ ಹಿತ್ತಿಲಿಗೆ ಓಡಿದ, ಬಕೆಟ್ಟು ಬಗ್ಗಿಸಿದ, ಮೀನಂಗಡಿಗೆ ಫೋನು ಮಾಡಿದ. ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಒಂದೊಂದೇ ಮೀನು ಮಗ್ಗುಲಾಗಿ ತೇಲಿತು. ಹೊನ್ನಮ್ಮ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು, "ಒಳ್ಳೇದಾಗ್ಲಿ ಅಂತಲ್ವಾ ನಾನ್ ಮಾಡಿದ್ದು" ಅನ್ನುತ್ತಿದ್ದಳು.

"ನಿದ್ದೆಗಣ್ಣಲ್ಲಿ ಅಂದ್ಬುಟ್ಟೆ ಕಣ್ ಮಗ. ಹಂಡೆ ಅನ್ಕಂಡೆ. ಬೇರೆ ತರ್ತೀನಿ, ಇದ್ಕಿಂತ ಚೆನ್ನಾಗಿರವ" ಎಂದ ಮಾದೇಶ.

ಅವಳು ಅಳಲಿಲ್ಲ. "ಪರವಾಗಿಲ್ಲ ಬಿಡಪ್ಪ. ನಂಗೊತ್ತಿತ್ತು" ಎಂದು ಕೈಕಾಲು ತೊಳೆಯಲು ಹೋದಳು.

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅವನು ಮತ್ತೆ ಎಲ್ಲ ಮಾಡಿದ. ಹೊಸ ಗಿಡ ನೆಟ್ಟ, ಮತ್ತೆ ಕಾದ, ಮೀನು ತಂದ. ಪಾಳಿಯಿಂದ ಬಂದವನು ಮಲಗುವ ಮೊದಲು ನನ್ನ ಮುಂದೆ ಕೂತು ಬಾಡಿದ ಎಲೆ ಕತ್ತರಿಸುತ್ತಿದ್ದ. ನಾನು ಮೊದಲಿಗಿಂತ ಚೆನ್ನಾಗಿ ಬೆಳೆದೆ. ಗಪ್ಪಿ ಮೀನುಗಳು ಮರಿ ಹಾಕಿದವು.

"ಸಿಂಚು, ಬಾ ಇಲ್ಲಿ, ಮರಿ ನೋಡು!"

"ಓದ್ಕೋಬೇಕಪ್ಪ."

ಓದುವ ಟೇಬಲ್ಲನ್ನು ಅವಳು ತಿರುಗಿಸಿ ಹಾಕಿಕೊಂಡಿದ್ದಳು. ಮೂರು ವರ್ಷ ನಾನು ಅವಳ ಜಡೆಯನ್ನು ಮಾತ್ರ ನೋಡಿದೆ. ಆಮೇಲೆ ಒಂದು ದಿನ ಮಾದೇಶ ಮೀನುಗಳನ್ನು ಯಾರಿಗೋ ಕೊಟ್ಟು, ನನ್ನನ್ನು ಒರೆಸಿ ಬಸ್‌ಸ್ಟ್ಯಾಂಡಿನೆದುರಿನ ಬೇಕರಿಯ ರುದ್ರೇಶನಿಗೆ ಕೊಟ್ಟುಬಿಟ್ಟ.

ಈಗ ನನ್ನೊಳಗೆ ಬೆಣ್ಣೆ ಬಿಸ್ಕತ್ತು, ಖಾರದ ಬನ್ನು. ಮೂಲೆಯ ಅಂಟು ಹಳದಿಯಾಗಿದೆ, ಒಂದು ಕಡೆ ಬಿರುಕು ಬಿಟ್ಟಿದೆ. ನೀರು ಹಾಕಿದರೆ ನಿಲ್ಲುವುದಿಲ್ಲ.

ಮೊನ್ನೆ ಅಪ್ಪ ಮಗಳು ಬೇಕರಿಗೆ ಬಂದಿದ್ದರು. ಅವಳು ಈಗ ಮೈಸೂರಿನ ಕಾಲೇಜಿಗೆ ದಿನಾ ಹೋಗಿ ಬರುತ್ತಾಳೆ. ನನ್ನನ್ನು ಗುರುತಿಸಿದಳೋ ಇಲ್ಲವೋ, ಬನ್ನು ಮಾತ್ರ ತೋರಿಸಿದಳು.

"ನಾಳೆ ಬಸ್ಸು ಲೇಟಾಗ್ತದೆ ಅಂದ್ಯಲ್ಲ, ನಾನ್ ಬತ್ತೀನಿ ಕರ್ಕಂಡೋಗಕ್ಕೆ" ಎಂದ ಮಾದೇಶ.

"ಸರಿ ಅಪ್ಪ." ನಕ್ಕಳು. ಅವನು ಚಿಲ್ಲರೆಗೆಂದು ಆ ಕಡೆ ತಿರುಗಿದಾಗ ಫೋನೆತ್ತಿ ಗೆಳತಿಗೆ ಮೆಲ್ಲಗೆ, "ಲೇ ಚೈತ್ರಾ, ನಾಳೆ ಸಂಜೆ ಸ್ಕೂಟರ್ ತಗಂಡ್ ಬತ್ತೀಯೇನೆ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬಹುದು ಅಂತ ಕೊಡೆ ಇಟ್ಟುಕೊಳ್ಳುವವರ ಹಾಗೆ.

ಮಾರನೆಯ ಸಂಜೆ ಮಾದೇಶ ಬಂದ. ಬಸ್ಸಿಗಿಂತ ಎಷ್ಟೋ ಮುಂಚೆ ಬಂದು, ನನ್ನ ಪಕ್ಕದಲ್ಲೇ ನಿಂತು, ರುದ್ರೇಶನ ಕೈಲಿ ಎರಡು ಬನ್ನು ಕಟ್ಟಿಸಿಕೊಂಡ. ಬಸ್ಸು ಬಂತು. ಎಲ್ಲರೂ ಇಳಿದರು. ಸಿಂಚನ ಇಳಿದವಳು ಈ ಕಡೆ ನೋಡಲೇ ಇಲ್ಲ, ನೇರವಾಗಿ ಬಸ್‌ಸ್ಟ್ಯಾಂಡಿನ ಗೇಟಿನ ಹತ್ತಿರ ನಿಂತಿದ್ದ ಚೈತ್ರಾಳ ಸ್ಕೂಟರ್ ಹತ್ತಿದಳು. ಅವನು ಕೈಯೆತ್ತಿದ್ದು ನನಗೆ ಕಂಡಿತು. ಕೂಗಲಿಲ್ಲ.

ನಾನು ಗಾಜು. ನನ್ನ ಈಚೆ ಅವನು, ಆಚೆ ರಸ್ತೆ. ಖಾಲಿ ಬಸ್ಸು ಹಿಂದಕ್ಕೆ ಸರಿದು ಡಿಪೋ ಕಡೆ ತಿರುಗುವವರೆಗೂ ಅವನು ನನ್ನ ಮೇಲೆ ಕೈಯೂರಿ ನಿಂತಿದ್ದ.