ಲಾಭ, ಎರಡು, ಮೂರು

ಗೋಣಿಚೀಲ ಇನ್ನೂ ಹೊಸದಾಗಿಯೇ ಕಾಣುತ್ತಿತ್ತು. ಗೌರೀಶ ಅದನ್ನು ಮತ್ತೊಮ್ಮೆ ಬಕೆಟ್ಟಿನ ಚಹಾದಲ್ಲಿ ಅದ್ದಿ ಹಿಂಡಿದ. ಎದುರಿನ ಹೋಟೆಲಿನಿಂದ ತರಿಸಿದ ಚಹಾ, ಸಕ್ಕರೆ ಸಮೇತ. ಬೆರಳೆಲ್ಲ ಅಂಟಂಟು. ಬಡವ ಅರಸನಾಗುವ ಜನಪದ ಕಥೆಗಳ ಮೇಲೆ ಡಾಕ್ಟರೇಟು ಪಡೆದವನು ಈಗ ಬಡತನಕ್ಕೆ ಬಣ್ಣ ಹಾಕುತ್ತಿದ್ದಾನೆ. ಥೂ!

ಚೀಲ ಗಾಜಿನ ಪೆಟ್ಟಿಗೆಯೊಳಗೆ ಹೋಗಬೇಕಿತ್ತು. ಮುಂದೆ ಇಡುವ ಚೀಟಿ ಸಿದ್ಧವಾಗಿತ್ತು: 'ಮಾನ್ಯ ಅಮರಪ್ಪನವರು ಬಾಲ್ಯದಲ್ಲಿ ಮಲಗುತ್ತಿದ್ದ ಚೀಲ.' ಅಮರಪ್ಪ ಸಾವಕಾರರಿಗೆ ಇಂದು ಅರವತ್ತು. ಗಂಗಾವತಿಯಲ್ಲಿ ಅವರದು ಮೂರು ಅಕ್ಕಿ ಗಿರಣಿ, ಒಂದು ಕಾಲೇಜು. ಆ ಕಾಲೇಜಿನಲ್ಲಿ ಗೌರೀಶ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಯಾವ ಮನೆಯವರು ಅತಿಥಿಯನ್ನು ಇಟ್ಟುಕೊಂಡಾರು?

ಸಾವಕಾರರ ಜೀವನಚರಿತ್ರೆ ಬರೆದವನೂ ಅವನೇ. ಮೊದಲ ಕರಡು ಕೇಳಿ ಅವರು ಮುಖ ಸಿಂಡರಿಸಿದ್ದರು.

"ಎಲ್ಲಾ ಛಲೋ ಐತ್ರಿ ಮಾಸ್ತರ. ಬಡತನ ಯಾಕೋ ಕಮ್ಮಿ ಬಿತ್ತು."

"ನಿಮ್ಮ ತಂದೆಯವ್ರದು ಗಿರಣಿ ಇತ್ತಲ್ರಿ."

"ಅದನ್ನ ಯಾರ ಓದ್ತಾರ? ಏನರ ಹುಡುಕ್ರಿ. ನಿಮ್ಮ ಖಾಯಂ ಆರ್ಡರು ನಾ ನೋಡ್ಕೋತೀನಿ."

ಹುಡುಕಲು ದೂರ ಹೋಗಬೇಕಿರಲಿಲ್ಲ. ಗೌರೀಶನ ಅಪ್ಪ ಹನುಮಂತಪ್ಪ ಹತ್ತನೇ ವಯಸ್ಸಿಗೆ ಬೇವೂರಿನಿಂದ ಬಂದು, ಗಂಗಾವತಿ ಮಾರುಕಟ್ಟೆಯಲ್ಲಿ ಹಮಾಲನಾಗಿ, ಗೋಣಿಚೀಲದ ಮೇಲೆ ಮಲಗಿ, ನೆಲಕ್ಕೆ ಚೆಲ್ಲಿದ ನುಚ್ಚು ಗುಡಿಸಿ ಕುದಿಸಿ ಉಂಡವನು. ಗೌರೀಶ ನಾಲ್ಕೇ ದಿನದಲ್ಲಿ ಅದನ್ನೆಲ್ಲ ಎತ್ತಿ ಸಾವಕಾರರ ಹೆಸರಿಗೆ ಹಚ್ಚಿದ. ಕಥೆಯಲ್ಲಿ ಬಡವನಿಗೆ ರಾಜ್ಯ ಸಿಗುತ್ತದೆ. ಇಲ್ಲಿ ರಾಜ್ಯ ಇದ್ದವನಿಗೆ ಬಡತನವೂ ಬೇಕಾಗಿತ್ತು. ಅಪ್ಪನಿಗೆ ಓದಲು ಬಾರದು.

ಹನ್ನೊಂದಕ್ಕೆ ಕಾಲೇಜಿನ ಸಭಾಂಗಣ ತುಂಬಿತು. ಹಿಂದಿನ ಕುರ್ಚಿಗಳು ಖಾಲಿ ಉಳಿಯಬಾರದೆಂದು ಮಾರುಕಟ್ಟೆಯ ಹಮಾಲರನ್ನು, ಹಳಬರನ್ನೂ ಸೇರಿಸಿ, ಟೆಂಪೋದಲ್ಲಿ ತಂದು ಕೂರಿಸಿದ್ದರು. ಗೌರೀಶನಿಗೆ ಇದು ಗೊತ್ತಿರಲಿಲ್ಲ. ಪುಸ್ತಕ ಹಿಡಿದು ಮೈಕಿನ ಮುಂದೆ ನಿಂತಾಗ ಕೊನೆಯ ಸಾಲಿನಲ್ಲಿ ಅಪ್ಪ ಕಂಡ. ಬಲ ಹೆಗಲು ಎಂದಿನಂತೆ ಕುಸಿದಿತ್ತು, ಮುಖ ಮಾತ್ರ ಅರಳಿತ್ತು. ಮಗ ಸ್ಟೇಜಿನ ಮೇಲೆ!

ಬೇರೆ ಪುಟ ಹುಡುಕಿದ, ಎಲ್ಲದರಲ್ಲೂ ಅಪ್ಪನೇ ಇದ್ದ. ಆದರೂ ಓದಿದ: "ಬಾಲಕ ಅಮರಪ್ಪ ನುಚ್ಚಿನ ಗಂಜಿ ಕುಡಿದು, ತನ್ನೆತ್ತರದ ಚೀಲಗಳನ್ನು ಹೆಗಲಿಗೇರಿಸಿ, ಒಂದು, ಎರಡು, ಮೂರು ಎಂದು ಎಣಿಸುತ್ತ..."

ಹಿಂದಿನ ಸಾಲು ಗೊಳ್ಳೆಂದು ನಕ್ಕಿತು.

"ಒಂದು ಅನ್ನಬಾರ್ದಪಾ ತಮ್ಮಾ." ಅಪ್ಪ ಎದ್ದು ನಿಂತಿದ್ದ. "ಮೊದಲನೇ ಚೀಲಕ್ಕ ಲಾಭ ಅಂತಾರ. ಲಾಭ, ಎರಡು, ಮೂರು."

ಅಪ್ಪನ ಕಾಲಬಳಿ ಕೂತು ಗೌರೀಶ ಕಲಿತ ಮೊದಲ ಎಣಿಕೆಯೇ ಅದು. ಶಾಲೆಯ ಮೊದಲ ದಿನ 'ಲಾಭ, ಎರಡು' ಎಂದು ಮಾಸ್ತರರ ಕೈಯಲ್ಲಿ ಏಟು ತಿಂದಿದ್ದ. ಆಮೇಲೆ ಎಂದೂ ತಪ್ಪಿರಲಿಲ್ಲ.

ಸಾವಕಾರರು ಎದ್ದು ಬಂದು ಮೈಕು ಹಿಡಿದರು. "ಖರೇ ಮಾತು! ನಾವೆಲ್ಲಾ ಲಾಭ ಅಂತನ ಎಣಸ್ತಿದ್ವಿ. ಸಾಲಿ ಕಲ್ತವ್ರಿಗೆ ಇದು ತಿಳಿಯಂಗಿಲ್ಲ, ಚೀಲ ಹೊತ್ತವ್ರಿಗೇ ಗೊತ್ತು."

ಚಪ್ಪಾಳೆ ಬಿತ್ತು. ಅದನ್ನೂ ಎತ್ತಿಕೊಂಡರು ಮಹಾಶಯರು!

"ಆ ಹಿರ್ಯಾ ಯಾರ್ರಿ ಮಾಸ್ತರ? ನಿಮಗ ಗುರ್ತೇನು?"

ಮೈಕು ಗೌರೀಶನ ಬಾಯಿಗೆ ಬಂತು. ನಮ್ಮಪ್ಪ ಎಂದರೆ ಪುಸ್ತಕದ ಬಡತನ ಯಾರದೆಂದು ಇಡೀ ಸಭೆಗೆ ತಿಳಿಯುತ್ತದೆ. ಆರ್ಡರಿಗೆ ಇನ್ನೂ ಸಹಿ ಬಿದ್ದಿರಲಿಲ್ಲ.

"ಇಲ್ರಿ. ಯಾರೋ ಹಮಾಲ ಇರಬೇಕು."

ಹಮಾಲರ ನಗು ನಿಂತಿತು.

ಸಾವಕಾರರು ಹನುಮಂತಪ್ಪನನ್ನು ಮೇಲೆ ಕರೆಸಿ ಶಾಲು ಹೊದಿಸಿದರು, ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು. ಕೆಳಗಿಳಿಯುವ ಮುಂಚೆ ಅಪ್ಪ ಮಗನ ಎದುರು ನಿಂತು ಕೈಮುಗಿದ.

"ಬರ್ತೀನ್ರಿ ಸರ."

ಹುಟ್ಟಿದಾಗಿನಿಂದ ಅಪ್ಪ ಅವನಿಗೆ 'ರಿ' ಹಚ್ಚಿ ಮಾತಾಡಿರಲಿಲ್ಲ.

ಊಟದ ಹೊತ್ತಿಗೆ ಸಾವಕಾರರು ಬಾಯ್ತುಂಬ ಹೋಳಿಗೆ ಇಟ್ಟುಕೊಂಡೇ ಅವನ ಬೆನ್ನು ತಟ್ಟಿದರು. "ಸೋಮವಾರ ಬರ್ರಿ, ಆರ್ಡರ್ ಒಯ್ರಿ." ತುಪ್ಪದ ಕೈ ಅಂಗಿಗೆ ಹತ್ತಿತು. ಗೌರೀಶನಿಗೆ ಸಾವಕಾರರಿಗಿಂತ ತನ್ನ ಮೇಲೆಯೇ ಹೇಸಿಗೆಯಾಯಿತು.

"ಆತ್ರಿ," ಎಂದ.

ಎದ್ದು ಪ್ರದರ್ಶನದ ಕೋಣೆಗೆ ಬಂದ. ಯಾರೂ ಇರಲಿಲ್ಲ. ಗಾಜಿನೊಳಗೆ ಚೀಲ ಅಲುಗಿದಂತಾಯಿತು. ಬಗ್ಗಿ ನೋಡಿದ. ಇರುವೆ. ಚಹಾದ ಸಕ್ಕರೆಗೆ ಮುಗಿಬಿದ್ದಿದ್ದವು. ಬಾಗಿಲ ಸಂದಿಯಿಂದ ಸಾಲು ಹಿಡಿದು ಬಂದು, ಚೀಟಿಯ ಅಕ್ಷರಗಳ ಮೇಲೆ ಹಾಯ್ದು, ಪೆಟ್ಟಿಗೆಯ ಬಿರುಕಿನಲ್ಲಿ ನುಸುಳಿ, ತಮಗಿಂತ ದೊಡ್ಡ ನಾರಿನ ಚೂರುಗಳನ್ನು ಹೊತ್ತು ವಾಪಸು ನಡೆದಿದ್ದವು.

ಅವನ ಕೈಯ ಅಂಟು ಹೋಗಿರಲಿಲ್ಲ. ಗಾಜಿನ ಮೇಲಿಟ್ಟ ಬೆರಳಿಗೆ ಒಂದು ಇರುವೆ ಹತ್ತಿತು.

"ಲಾಭ," ಎಂದ ಗೌರೀಶ.

ಹಿಂದೆಯೇ ಇನ್ನೊಂದು ಬಂತು. ಅದಕ್ಕೂ ಲಾಭ ಎಂದ. ಮೂರನೆಯದಕ್ಕೂ. ಮುಂದಿನ ಎಣಿಕೆ ನಾಲಿಗೆಗೆ ಬರಲೊಲ್ಲದು. ಇರುವೆಗಳು ಮಣಿಕಟ್ಟು ದಾಟಿ, ತೋಳು ಹಿಡಿದು, ಬಲ ಹೆಗಲ ಕಡೆಗೆ ಏರತೊಡಗಿದವು.