ಹೊಸ ಕೋಣ

ನಮ್ಮವರು ಹೊಸ ಗಾಡಿಯನ್ನು ಹೊಗಳಿದ ದಿನವೇ ನನಗೆ ಅನುಮಾನ ಹುಟ್ಟಿತು.

ಅವರು ಬೆಟ್ಟದ ಮೇಲಿನ ಅತಿಥಿಗೃಹದಲ್ಲಿ ಚಾಲಕರು. ಬಸ್ಸು, ಕಾರುಗಳೆಲ್ಲ ಬೆಟ್ಟದ ಬುಡದಲ್ಲೇ ನಿಲ್ಲುತ್ತವೆ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು, ಕೆಸರು, ಎಡಗಡೆಗೆ ಉದ್ದಕ್ಕೂ ಪ್ರಪಾತ. ಅತಿಥಿಗಳನ್ನು ಆ ದಾರಿಯಲ್ಲಿ ಹತ್ತಿಸಿ ಇಳಿಸುವುದು ಇವರ ಕೆಲಸ. ನಮ್ಮ ಮದುವೆಗೂ ಮುಂಚಿನಿಂದ ಅದಕ್ಕಿದ್ದದ್ದು ಒಂದೇ ಗಾಡಿ. ಕಬ್ಬಿಣದ ಬೀರುವನ್ನು ಮಲಗಿಸಿ ಚಕ್ರ ಕಟ್ಟಿದ ಹಾಗೆ ಮೈಯೆಲ್ಲ ಚೌಕ, ಮುಖ ಚಪ್ಪಟೆ, ದುಂಡಗಿನ ಎರಡು ದೀಪ. ಬಾಗಿಲು ಹಾಕಿದರೆ ಕೋಟೆಯ ಅಗುಳಿ ಬಿದ್ದ ಸದ್ದು. ನಾವದಕ್ಕೆ ಕೋಣ ಅಂತ ಹೆಸರಿಟ್ಟಿದ್ದೆವು. ಒಳಗೆ ಕೂತು ಬೆಟ್ಟ ಹತ್ತಿದರೆ ಮೈಯಲ್ಲಿರುವ ಮೂಳೆಗಳೆಲ್ಲ ಒಂದೊಂದಾಗಿ ಪರಿಚಯವಾಗುತ್ತಿದ್ದವು. ಆದರೂ ಶ್ರೀಮಂತ ಅತಿಥಿಗಳು ತಮ್ಮ ಮೆತ್ತನೆಯ ಕಾರುಗಳನ್ನು ಕೆಳಗೆ ಬಿಟ್ಟು ಬಂದು ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರಲ್ಲಿ ಅಂಥದ್ದೇನಿದೆ ಅಂತ ಒಮ್ಮೆ ಕೇಳಿದ್ದೆ.

"ಅದು ಯಾರಿಗೂ ಹೆದರಲ್ಲ. ಹತ್ತಿ ಕೂತವರಿಗೂ ಸ್ವಲ್ಪ ಹೊತ್ತು ಹಾಗೇ ಅನ್ನಿಸುತ್ತೆ," ಅಂದಿದ್ದರು ಇವರು.

ಅತಿಥಿಗೃಹದ ಮಾಲಕಿ ಅದೇ ಕಂಪನಿಯ ಹೊಸ ಮಾದರಿ ನೋಡಿಕೊಂಡು ಬಂದಾಗ ಜಗಳ ಆಗಿಯೇ ಆಗುತ್ತದೆ ಅಂದುಕೊಂಡೆ. ಗಾಡಿಯಲ್ಲಿ ಟಿವಿಯಂಥ ಪರದೆ ಕಂಡರೆ ಇವರಿಗೆ ಆಗುತ್ತಿರಲಿಲ್ಲ. ಯಾರೋ ಅತಿಥಿ ತನ್ನ ಕಾರಿನ ಕ್ಯಾಮೆರಾ ತೋರಿಸಿದ್ದಕ್ಕೆ, "ಕುತ್ತಿಗೆ ತಿರುಗಿಸೋಕೆ ಸೋಮಾರಿತನ ಇರೋರಿಗೆ ಮಾಡಿದ್ದು" ಅಂದು ಬಂದಿದ್ದ ಮನುಷ್ಯ. ಈ ಸಲ ಮಾಲಕಿ ಕೇಳಿದ್ದೇ ತಡ, "ಹೊಸದೇ ತಗೊಳ್ಳಿ ಮೇಡಂ, ಕ್ಯಾಮೆರಾ ಎಲ್ಲಾ ಇರೋದೇ ಬೇಕು" ಅಂದರಂತೆ. ಮನೆಗೆ ಬಂದು ನನಗೂ ಅದನ್ನೇ ಹೇಳಿದರು, ತಟ್ಟೆ ನೋಡುತ್ತಾ.

ಹಳೆಯ ಕೋಣವನ್ನು ಹಳೆ ಗಾಡಿಗಳ ಹುಚ್ಚಿದ್ದ ಯಾರೋ ಬಂದು ಮಗುವಿನಂತೆ ಹೊದಿಸಿ ಒಯ್ದರು. ಇವರ ಕಣ್ಣಲ್ಲಿ ನೀರು ಬರುತ್ತದೆ ಅಂತ ನಾನು ಟವೆಲ್ ಹಿಡಿದು ನಿಂತಿದ್ದೆ. ಬರಲಿಲ್ಲ.

ಇವರ ಕೈ ಪಳಗಲಿ ಎಂದು ಮಾಲಕಿ ಹೊಸದನ್ನು ಕೆಲವು ದಿನ ನಮ್ಮ ಮನೆಯ ಮುಂದೆಯೇ ಬಿಟ್ಟರು. ನೋಡಲು ಥೇಟ್ ಹಳೆಯದೇ. ಅದೇ ಚೌಕ ಮೈ, ಅದೇ ದುಂಡು ದೀಪ. ಒಳಗೆ ಮಾತ್ರ ಬೇರೆಯೇ ಪ್ರಪಂಚ. ಮೆತ್ತನೆಯ ಚರ್ಮ, ಬೆನ್ನು ಬೆಚ್ಚಗೆ ಮಾಡುವ ಸೀಟು, ನಮ್ಮ ರೊಟ್ಟಿ ಮಣೆಗಿಂತ ದೊಡ್ಡ ಪರದೆ. ಹೊಟ್ಟೆಯ ಕೆಳಗಿನ ಕಲ್ಲನ್ನೂ ಆ ಪರದೆ ತೋರಿಸುತ್ತಿತ್ತು. ಗಾಡಿ ತಂದುಕೊಟ್ಟ ಷೋರೂಮಿನ ಹುಡುಗಿ ಬಾಗಿಲನ್ನು ಎರಡು ಸಲ ಹಾಕಿ ತೋರಿಸಿದಳು.

"ಈ ಸದ್ದು ಕೇಳಿ ಆಂಟಿ. ಎಲ್ಲಾ ಬದಲಾಯಿಸಿದ್ರೂ ಇದನ್ನ ಮಾತ್ರ ಬೇಕಂತಲೇ ಹಳೇದರ ಥರಾನೇ ಉಳಿಸಿದ್ದಾರೆ. ಜನ ಇದಕ್ಕೇ ಸೋಲೋದು."

ಬೇಕಂತಲೇ ಹಳೆಯದರ ಹಾಗೆ ಕಾಣಿಸುವ ಯಾವುದನ್ನೂ ನಾನು ಸುಲಭವಾಗಿ ನಂಬುವವಳಲ್ಲ. ಗಂಡನನ್ನು ನೋಡಿದೆ. ಅವರು ಆ ಹುಡುಗಿ ಹೇಳುವುದನ್ನು ಪಾಠ ಕೇಳುವ ಮಗುವಿನ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ನಮ್ಮ ಅತ್ತೆ ಕಿಟಕಿಯಿಂದಲೇ ಎಲ್ಲ ನೋಡಿದರು. ಗಾಡಿಯಿಂದ ಹಾಡು ಬಂದಾಗ, "ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ. ಇದು ನೋಡಿದ್ರೆ ಕಿನ್ನರೀನೇ ನುಂಗಿ ಬಂದಿದೆ," ಅಂದರು.

ಮರುದಿನ ಇವರು ಷೋರೂಮಿಗೆ ಹೋದರು. ಅದರ ಮರುದಿನವೂ. ಕಲಿಯುವುದಿದೆಯಂತೆ.

"ಕಲಿಯೋಕೆ," ಅಂದರು ಅತ್ತೆ, ಬಟಾಣಿ ಸುಲಿಯುತ್ತಾ. "ಶಾಲೆಗೆ ಹೋಗೋ ಅಂದ್ರೆ ಮರ ಹತ್ತಿ ಕೂತ್ಕೋತಿದ್ದ ಇವನು. ಈಗ ಸ್ನಾನ ಮಾಡಿ, ತಲೆ ಬಾಚ್ಕೊಂಡು ಪಾಠಕ್ಕೆ ಹೋಗ್ತಾನೆ. ಟೀಚರ್ ಚೆನ್ನಾಗಿದ್ದಾಳೆ ಅನ್ನು."

"ನಿಮ್ಮ ಮಗ ಅತ್ತೆ, ನೀವೇ ಹೀಗಂದ್ರೆ?"

"ನನ್ನ ಮಗ ಅಂತಲೇ ಹೇಳ್ತಿದೀನಿ. ಇವನಪ್ಪನ್ನೂ ನೋಡಿದೀನಿ."

ನಗುವ ಮಾತೇ. ಆದರೆ ನಕ್ಕ ಮೇಲೂ ಅದು ಕಾಲಿಗೆ ನೆಟ್ಟ ಮುಳ್ಳಿನ ಹಾಗೆ ಉಳಿಯಿತು. ಬಟ್ಟೆ ಒಗೆಯುವಾಗ ನಾನು ಅಂಗಿಗಳನ್ನು ಮೊದಲಿಗಿಂತ ನಿಧಾನವಾಗಿ ತಿರುವಿ ನೋಡತೊಡಗಿದೆ. ಹುಡುಕಿದ್ದು ಏನನ್ನೋ, ಸಿಕ್ಕಿದ್ದು ಇನ್ನೇನೋ. ಪ್ರತಿ ಅಂಗಿಯ ಎಡಭುಜದ ಮೇಲೆ ನೀಲಿ ಬಿಳುಪಿನ ಸುಣ್ಣ ಉಜ್ಜಿದ ಗುರುತು. ಬಲಭುಜದಲ್ಲಿ ಏನೂ ಇಲ್ಲ. ಯಾವ ಗೋಡೆಗೆ ಒರಗಿ ನಿಲ್ಲುತ್ತಾರೆ ಇವರು, ಯಾರ ಜೊತೆ ಮಾತಾಡುತ್ತಾ, ಅಂತ ಯೋಚಿಸುತ್ತಾ ಒದ್ದೆ ಅಂಗಿ ಹಿಡಿದು ಒಳಗೆ ಬಂದೆ. ಬಂದವಳು ಮನೆಯೊಳಗೆ ಕೋಣೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನಿಂತುಬಿಟ್ಟೆ. ನೀಲಿ ಬಿಳುಪಿನ ಸುಣ್ಣ ನಮ್ಮ ಗೋಡೆಯದೇ. ಭುಜದ ಎತ್ತರದಲ್ಲಿ ಅದು ಉದ್ದಕ್ಕೂ ಸವೆದಿತ್ತು.

ಇಷ್ಟು ವರ್ಷ ನಡೆದಾಡಿದ ಓಣಿಯಲ್ಲಿ ಈಗ ಯಾಕೆ ಗೋಡೆಗೆ ತಾಗಬೇಕು?

ಅಲ್ಲಿಂದ ನನ್ನ ಅನುಮಾನ ದಾರಿ ಬದಲಿಸಿತು. ಊಟಕ್ಕೆ ಕೂತಾಗ ನೀರಿನ ಲೋಟವನ್ನು ಬೇಕೆಂದೇ ಅವರ ಎಡಕ್ಕೆ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ನೀರು ಇಡಲಿಲ್ವಾ?" ಅಂದರು. ನಾನು ತೋರಿಸಿದೆ. "ಓ, ಯೋಚನೇಲಿದ್ದೆ." ಮರುದಿನ ಎಡಗಡೆ ಕೂತ ಮಗಳು ಉಪ್ಪಿನ ಡಬ್ಬಿ ಚಾಚಿದಳು. ಅವಳ ಕೈ ಗಾಳಿಯಲ್ಲೇ ಉಳಿಯಿತು. "ಅಪ್ಪಾ, ಉಪ್ಪು ತಗೊಳ್ಳಿ, ಕೈ ನೋಯ್ತಿದೆ," ಅಂದ ಮೇಲೆ ಇಡೀ ತಲೆಯನ್ನು ತಿರುಗಿಸಿ ತೆಗೆದುಕೊಂಡರು. "ನಿದ್ದೆ ಸರಿ ಇಲ್ಲ," ಅಂದರು. ಕೇಳದೇ ಇದ್ದದ್ದಕ್ಕೂ ಉತ್ತರ ಸಿದ್ಧವಾಗಿತ್ತು.

ಮಗಳಿಗೆ ಇದರ ಪರಿವೆ ಇರಲಿಲ್ಲ. ಶನಿವಾರ ಅವಳ ತರಗತಿಯ ಮಕ್ಕಳೆಲ್ಲ ಬೆಟ್ಟಕ್ಕೆ ಹೋಗುವುದಿತ್ತು. ಬುಡದವರೆಗೆ ಬಸ್ಸು, ಅಲ್ಲಿಂದ ಮೇಲಕ್ಕೆ ಕಂತು ಕಂತಾಗಿ ಅವಳ ಅಪ್ಪನ ಗಾಡಿ. ಮೊದಲ ಸಲಕ್ಕೆ ಯಾರು ಹತ್ತಬೇಕು, ಮುಂದಿನ ಸೀಟು ಯಾರಿಗೆ ಅಂತ ಶಾಲೆಯಲ್ಲಿ ಆಗಲೇ ಪಂಚಾಯಿತಿ ಮುಗಿದಿತ್ತು. ಹೆದರಿದ್ದ ಒಬ್ಬ ತಾಯಿಗೆ, "ನಮ್ಮವರಿದ್ದಾರೆ, ನೀವು ಹಾಯಾಗಿರಿ" ಅಂತ ಧೈರ್ಯ ಹೇಳಿದ್ದವಳು ನಾನೇ.

ಗುರುವಾರ ಬೆಳಿಗ್ಗೆ ಅಡುಗೆ ಬೇಗ ಮುಗಿಸಿ, "ನನ್ನನ್ನೂ ಕೂರಿಸಿಕೊಂಡು ಹೋಗಿ, ನಿಮ್ಮ ಹೊಸ ಕೋಣ ಹೇಗೆ ನಡೆಯುತ್ತೆ ನೋಡ್ತೀನಿ," ಅಂದೆ.

ಮನೆಯ ಹಿಂದೆ ಒಣಗಿದ ತೊರೆಯೊಂದಿದೆ. ಹಿಂದೆ ಕೋಣವನ್ನು ಪಳಗಿಸಿದ್ದೂ ಅಲ್ಲೇ. ಕಷ್ಟದ ಜಾಗದಲ್ಲಿ ಒಬ್ಬರು ಇಳಿದು ಗಾಡಿಯ ಮುಂದೆ ನಡೆಯುವುದು ಈ ಕೆಲಸದ ಪದ್ಧತಿ. ಗಾಡಿಯ ಮೂತಿಯ ಕೆಳಗಿನ ಕಲ್ಲು ಚಾಲಕನಿಗೆ ಕಾಣುವುದಿಲ್ಲ. ಅವನು ಕಲ್ಲನ್ನು ಬಿಟ್ಟು ಮುಂದಿನವರ ಕೈಯನ್ನು ಮಾತ್ರ ನೋಡಬೇಕು. ಬೆರಳು ಯಾವ ಕಡೆಗೋ ಚಕ್ರ ಆ ಕಡೆಗೆ. ಮುಷ್ಟಿ ಮುಚ್ಚಿದರೆ ನಿಲ್ಲಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಆ ಕೆಲಸ ನನ್ನದಾಗಿತ್ತು. "ಮನೇಲಂತೂ ಇಲ್ಲ, ಇಲ್ಲಾದರೂ ನನ್ನ ಮಾತು ಕೇಳ್ತೀರಲ್ಲ," ಅಂತ ನಾನು ತಮಾಷೆ ಮಾಡುತ್ತಿದ್ದೆ.

ತೊರೆಯ ದಡದಲ್ಲಿ, "ನಿಲ್ಲಿಸಿ, ನಾನು ಇಳಿದು ದಾರಿ ತೋರಿಸ್ತೀನಿ," ಅಂದೆ.

"ಬೇಡ ಬಿಡು. ಪರದೇಲಿ ಎಲ್ಲಾ ಕಾಣುತ್ತೆ. ಕಾಲಿಗೆ ಧೂಳು ಯಾಕೆ?"

"ನನ್ನ ಕಾಲಿಗೆ ಯಾವತ್ತಿಂದ ಇಷ್ಟು ಮರ್ಯಾದೆ?"

ಇಳಿದೆ. ಮೊದಲು ನೇರ ಎದುರಿಗೆ ನಿಂತು ಕರೆದೆ. ಸರಿಯಾಗಿ ಬಂದರು. ಬೆರಳು ತೋರಿಸಿದಲ್ಲಿಗೆ ಚಕ್ರ ಬಂತು. ನನಗೇ ನಾಚಿಕೆಯಾಯಿತು, ಇಲ್ಲದ್ದನ್ನು ಕಲ್ಪಿಸಿಕೊಂಡೆನಾ ಅಂತ. ಆದರೂ ಸುಣ್ಣದ ಗುರುತು ಸುಳ್ಳಲ್ಲವಲ್ಲ. ದಾರಿ ಎಡಕ್ಕೆ ಬಾಗುವ ಕಡೆ ನಾನೂ ಮೆಲ್ಲಗೆ ಅವರ ಎಡಕ್ಕೆ, ಎಡದೀಪದ ಆಚೆಗೆ ಸರಿದೆ. ಸರಿದು, ಕೈ ಎತ್ತಿ, ಮುಷ್ಟಿ ಮುಚ್ಚಿದೆ.

ಗಾಡಿ ಬರುತ್ತಲೇ ಇತ್ತು.

ಅವರ ಮುಖ ಶಾಂತವಾಗಿತ್ತು. ಎದುರಿನ ದಿಬ್ಬವನ್ನೇ ನೋಡುತ್ತಾ ಚಕ್ರ ಎಡಕ್ಕೆ ತಿರುಗಿಸಿದರು. ಆ ಚಪ್ಪಟೆ ಮುಖ ನನ್ನ ಕಡೆ ಹೊರಳಿತು. ಓಡಬೇಕೆಂದು ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ಅಷ್ಟರಲ್ಲಿ ಒಳಗೆ ಏನೋ ಕೀಕ್ ಕೀಕ್ ಎಂದು ಬಡಿದುಕೊಂಡಿತು, ಗಾಡಿ ತಾನಾಗಿಯೇ ಮುಗ್ಗರಿಸಿ ನಿಂತಿತು. ಕೈ ಚಾಚಿದ್ದರೆ ದೀಪ ಮುಟ್ಟಬಹುದಿತ್ತು.

ಕಿಟಕಿ ಇಳಿಯಿತು. "ಯಾಕೋ ನಿಂತುಬಿಡ್ತು," ಅಂದರು ಇವರು, ದಿಬ್ಬದ ಕಡೆಗೆ. "ನೀನೆಲ್ಲಿದ್ದೀಯಾ?"

ಅವರು ನೇರ ನೋಡಿದರು. ಬಲಕ್ಕೆ ನೋಡಿದರು. ಕೊನೆಗೆ ಇಡೀ ಮುಖವನ್ನು ಎಡಕ್ಕೆ ತಿರುಗಿಸಿದಾಗ ಅವರಿಗೆ ನಾನು ಕಂಡೆ. ಎತ್ತಿದ ನನ್ನ ಮುಷ್ಟಿಯೂ ಕಂಡಿತು. ಅವರ ಮುಖ ಬಿಳಿಚಿಕೊಂಡಿತು.

ಹತ್ತಿರ ಹೋದೆ. "ಯಾವಾಗಿಂದ?"

"ಏನು ಯಾವಾಗಿಂದ?"

"ನಾನು ಅಂಗಿ ಒಗೆಯೋಳು ಕಣ್ರೀ. ಯಾವಾಗಿಂದ?"

ಅವರು ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಇದ್ದರು. "ಚಳಿಗಾಲದಿಂದ. ಎಡಗಣ್ಣಲ್ಲಿ ಕೆಳಗಿಂದ ಕಪ್ಪು ಪರದೆ ಏರಿದ ಹಾಗೆ ಆಯ್ತು. ಹೋಗುತ್ತೆ ಅಂದ್ಕೊಂಡೆ. ಅದು ಪೂರ್ತಿ ಏರಿತು."

"ಡಾಕ್ಟರ್?"

"ಡಾಕ್ಟರ್ ಹತ್ರ ಹೋದ್ರೆ ಲೈಸೆನ್ಸ್ ಹೋಗುತ್ತೆ. ಇದು ಬಿಟ್ಟು ನನಗೇನು ಬರುತ್ತೆ ಹೇಳು." ಆಮೇಲೆ ದನಿ ಸ್ವಲ್ಪ ಏರಿತು. "ಅದಕ್ಕೇ ತಾನೇ ಇದನ್ನೇ ತಗೊಳ್ಳಿ ಅಂದಿದ್ದು? ನೀನೇ ನೋಡಿದ್ಯಲ್ಲ, ನಿಂತಿತು. ನನ್ನ ಕಣ್ಣಿಗಿಂತ ಚುರುಕು. ಸುತ್ತಲೂ ಕಣ್ಣಿದೆ ಇದಕ್ಕೆ."

"ನಿಂತಿದ್ದು ಗಾಡಿ. ನೀವಲ್ಲ."

"ಯಾರು ನಿಂತರೇನು? ಆ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತು."

"ಅರ್ಧ ಮುಚ್ಚಿಯೇ ಓಡಿಸ್ತಿದ್ದೀರಲ್ಲ."

ಅವರು ನಗಲಿಲ್ಲ. ಒಂದು ಕ್ಷಣ ನನಗೂ ಅನ್ನಿಸಿತು, ಅವರು ಹೇಳುವುದರಲ್ಲಿ ಏನು ತಪ್ಪು? ಇಷ್ಟು ವರ್ಷ ದುಡಿದ ಮನುಷ್ಯ. ಕಾಣದ್ದನ್ನು ಗಾಡಿ ಕಾಣಲಿ. ಆದರೂ ಬಗ್ಗಿ, ತೊರೆಯ ತಗ್ಗಿನಲ್ಲಿ ಉಳಿದಿದ್ದ ಕೆಸರನ್ನು ಒಂದು ಬೆರಳು ತೆಗೆದೆ. ಮುಂಭಾಗದಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಕೂತಿದ್ದ ಕ್ಯಾಮೆರಾಕ್ಕೆ ಬಳಿದೆ, ಎಡಗನ್ನಡಿಯ ಕೆಳಗಿನದಕ್ಕೂ ಬಳಿದೆ. ಒಳಗೆ ಪರದೆ ಮಸುಕಾಯಿತು. ನಾನು ಅವರ ಎಡಕ್ಕೆ ಒಂದೆರಡು ಹೆಜ್ಜೆ ಸರಿದು ನಿಂತೆ.

"ಬೆಟ್ಟದಲ್ಲಿ ಇದಕ್ಕಿಂತ ಹೆಚ್ಚು ಕೆಸರಿರುತ್ತೆ. ಈಗ ತಲೆ ತಿರುಗಿಸದೆ ಹೇಳಿ. ನಾನು ಒಬ್ಬಳೇ ನಿಂತಿದ್ದೀನಾ, ಮಗಳೂ ಪಕ್ಕದಲ್ಲಿದ್ದಾಳಾ?"

ಮಗಳು ಶಾಲೆಯಲ್ಲಿದ್ದಾಳೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಅವರು ಥಟ್ಟನೆ ತಲೆ ತಿರುಗಿಸಿ ನೋಡಿದರು.

"ಶನಿವಾರ ಒಂದು ಮುಗಿಯಲಿ. ಸೋಮವಾರ ಡಾಕ್ಟರ್ ಹತ್ರ ಹೋಗ್ತೀನಿ," ಅಂದರು.

"ಶನಿವಾರ ಮಕ್ಕಳಿರ್ತಾರೆ."

"ಗೊತ್ತು."

"ಮಾಲಕಿಗೆ ನೀವು ಹೇಳ್ತೀರೋ, ನಾನು ಹೇಳಲೋ?"

ಅವರು ಇಳಿದು, ಗಾಡಿಯ ಸುತ್ತ ಕೈಯಾಡಿಸುತ್ತಾ ಬಂದು, ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಅವರೇ ಕಲಿಸಿದ್ದನ್ನು ನೆನಪಿಸಿಕೊಂಡು ಮನೆಯವರೆಗೆ ನಾನೇ ಓಡಿಸಿಕೊಂಡು ಬಂದೆ.

ಸಂಜೆ ಶಾಲೆಯಿಂದ ಬಂದ ಮಗಳು ಚೀಲ ಎಸೆಯುವ ಮೊದಲೇ, "ಅಪ್ಪಾ, ಶನಿವಾರ ನಾನು ಮುಂದಿನ ಸೀಟು. ನನ್ನ ಗೆಳತೀನ ತೊಡೆ ಮೇಲೆ ಕೂರಿಸ್ಕೋಬಹುದಾ?" ಅಂದಳು.

"ಶನಿವಾರ ನಾನು ಓಡಿಸಲ್ಲ ಪುಟ್ಟಿ."

"ಯಾಕೆ?"

ಇವರು ನನ್ನ ಕಡೆ ನೋಡಿದರು. ನಾನು ಪಾತ್ರೆ ಉಜ್ಜುವುದನ್ನು ಬಿಡಲಿಲ್ಲ. ಈ ಮಾತಿಗೆ ನಾನು ಸಹಾಯಕ್ಕೆ ಹೋಗಬಾರದು ಅನ್ನಿಸಿತು.

"ನನ್ನ ಎಡಗಣ್ಣು ಕಾಣಲ್ಲ," ಅಂದರು.

ಮಗಳು ನಂಬಲಿಲ್ಲ. ಮೆಲ್ಲಗೆ ಅವರ ಎಡಕ್ಕೆ ಹೋಗಿ ನಿಂತಳು. "ಈಗ ನಾನೇನು ಮಾಡ್ತಿದ್ದೀನಿ?"

"ಗೊತ್ತಿಲ್ಲ."

"ಸುಳ್ಳು."

"ನಿಜವಾಗಿ ಗೊತ್ತಿಲ್ಲ ಮಗಳೇ."

"ನಾಲಿಗೆ ಚಾಚಿದ್ದೀನಿ," ಅಂದಳು. ಆಮೇಲೆ ನಾಲಿಗೆ ಒಳಗೆಳೆದುಕೊಂಡು ಅವರ ಬಲಕ್ಕೆ ಬಂದು ನಿಂತಳು. ಬಾಗಿಲಲ್ಲಿ ಕೂತಿದ್ದ ಅತ್ತೆ ಬಾಯಿ ತೆರೆದರು, ಏನೂ ಹೇಳದೆ ಮುಚ್ಚಿದರು. ನಾನು ನೋಡಿದ ಹಾಗೆ ಅವರು ಮಾತು ನುಂಗಿದ್ದು ಅದೇ ಮೊದಲು.

ಇವರು ಫೋನ್ ಎತ್ತಿಕೊಂಡು ಕೋಣೆಗೆ ಹೋದರು. ಬಾಗಿಲು ಅರ್ಧ ಹಾಕಿದರು. ನಂಬಿ ಸುಮ್ಮನಿದ್ದೆ ಅಂದರೆ ಸುಳ್ಳಾಗುತ್ತದೆ. ಚಳಿಗಾಲದಿಂದ ಒಂದು ಮಾತೂ ಬಾಯಿಬಿಡದೆ ಬಚ್ಚಿಟ್ಟವರು, ಈಗ ಜ್ವರ ಅಂತಲೋ, ಗಾಡಿ ಕೆಟ್ಟಿದೆ ಅಂತಲೋ ಹೇಳಿ ಶನಿವಾರವನ್ನು ಮಾತ್ರ ದಾಟಿಸಿಬಿಟ್ಟರೆ? ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ.

"ಹೌದು ಮೇಡಂ, ಗಾಡಿ ಭರ್ಜರಿಯಾಗಿದೆ. ಹಳೇದರ ಹೆಸರು ಉಳಿಸುತ್ತೆ," ಅಂತ ಶುರು ಮಾಡಿದರು. ಸೀಟಿನ ಬಗ್ಗೆ ಏನೋ ಹೇಳಿದರು. ಹವಾಮಾನದ ಬಗ್ಗೆ ಹೇಳಿದರು. ನನ್ನ ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇನ್ನೊಂದು ವಿಷಯ ಮೇಡಂ. ಇವತ್ತು ನನ್ನ ಹೆಂಡತಿ ಎದುರಿಗೇ ನಿಂತಿದ್ಲು, ನನಗೆ ಕಾಣಲಿಲ್ಲ." ಆ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು. "ಇಲ್ಲ, ಏನೂ ಆಗಲಿಲ್ಲ. ಗಾಡಿ ನಿಂತಿತು. ನಾನು ನಿಲ್ಲಿಸಲಿಲ್ಲ."

ಅಷ್ಟು ಕೇಳಿದ ಮೇಲೆ ನಾನು ಮತ್ತೆ ನಲ್ಲಿ ತಿರುಗಿಸಿದೆ.