ಓನರಮ್ಮನ ಹಿಂದಿನ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮಾಡಿದ ಪುಣ್ಯಾತ್ಮರು ಓನರಮ್ಮನನ್ನು ಕಂಡಿರಲಿಲ್ಲ. ಕಂಡಿದ್ದರೆ ಗಾದೆಯನ್ನು ಅರ್ಧಕ್ಕೇ ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದರು. ರೈಲು ನಿಲ್ದಾಣದ ಮೆಟ್ಟಿಲಿಳಿದರೆ ಸಿಗುವ ಮೇಲ್ಸೇತುವೆಯ ಕೆಳಗೆ, ಎರಡು ದಪ್ಪ ಕಂಬಗಳ ಪಕ್ಕದಲ್ಲಿ, ಒಂದು ಇಟ್ಟಿಗೆಯೂ ಇಲ್ಲದೆ, ತಗಡಿನ ಚೂರೂ ಇಲ್ಲದೆ ಆಕೆ ಮನೆ ಮಾಡಿಕೊಂಡಿದ್ದಳು. ಚಕ್ರ ಕಳಚಿದ ಒಂದು ಸೂಟ್‌ಕೇಸು, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ ಕಂಬಳಿ, ಮುಚ್ಚಳವಿದ್ದ ನೀರಿನ ಬಾಟಲಿ, ಸವೆದ ಪೊರಕೆ, ಕಂಬಕ್ಕೆ ತಂತಿಯಲ್ಲಿ ಕಟ್ಟಿದ ಕನ್ನಡಿಯ ಚೂರು. ಇಷ್ಟೇ ಸಾಮಾನು. ನೆಲ ಮಾತ್ರ ಕನ್ನಡಿಗಿಂತ ಚೊಕ್ಕಟ.

ಆ ಫುಟ್‌ಪಾತಿನಲ್ಲಿ ಮಲಗುವ ಉಳಿದವರು ಗೇಲಿಗೆಂದೇ ಅವಳನ್ನು ಓನರಮ್ಮ ಎಂದು ಕರೆಯತೊಡಗಿದ್ದರು. ಆಕೆ ಆ ಗೇಲಿಯನ್ನು ಬಿರುದಿನಂತೆ ತೆಗೆದುಕೊಂಡಳು. ಈಗ ಯಾರ ಬಾಯಲ್ಲೂ ಅದು ಗೇಲಿಯಾಗಿ ಉಳಿದಿರಲಿಲ್ಲ.

ಓನರಮ್ಮನ ಕಾಲಿನ ಹುಣ್ಣಿನ ಸುದ್ದಿ ಸಿಸ್ಟರ್ ಕಿವಿಗೆ ಬಿದ್ದದ್ದು ತಿಂಗಳ ಕೆಳಗೆ. ಸಿಸ್ಟರ್ ಎಂದರೆ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ವರ್ಷಗಟ್ಟಲೆ ದುಡಿದು, ಮೇಲಿನವರ ಜೊತೆ ಜಗಳ ಕಾದು, ಈ ವ್ಯಾನಿಗೆ ಬಂದ ನರ್ಸು. ಬೀದಿಯಲ್ಲಿ ಬದುಕುವವರಿಗೆ ಆಪತ್ತು ಬಂದರೆ ಅವರಿದ್ದಲ್ಲಿಗೇ ಹೋಗುವ ವ್ಯಾನ್ ಅದು. ಅದರ ಡ್ರೈವರನ್ನು ಎಲ್ಲರೂ ಹಾರ್ನ್ ಅಣ್ಣ ಎನ್ನುತ್ತಿದ್ದರು. ವ್ಯಾನಿನ ಹಾರ್ನ್ ಆತ ಒತ್ತಿದ್ದನ್ನು ಯಾರೂ ಕೇಳಿರಲಿಲ್ಲ, ಆದರೆ ಅವನ ಬಾಯಿ ಮುಚ್ಚಿದ್ದನ್ನೂ ಯಾರೂ ಕಂಡಿರಲಿಲ್ಲ.

ಆ ಕೆಲಸಕ್ಕೆ ಕೆಲವು ಕಟ್ಟಳೆಗಳಿದ್ದವು. ಮಲಗಿದವರನ್ನು ಮುಟ್ಟಿ ಎಬ್ಬಿಸಬಾರದು. ನಿಂತು ಮಾತಾಡಬಾರದು, ಅವರಿಗಿಂತ ಕೆಳಗೆ ಕೂರಬೇಕು. ಉಳಿಸಿಕೊಳ್ಳಲಾಗದ ಮಾತು ಕೊಡಬಾರದು. ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಎತ್ತಿಕೊಂಡು ಓಡುವ ಹಾಗಿಲ್ಲ. ಸಿಸ್ಟರ್ ಇದನ್ನೆಲ್ಲ ಕಲಿತಿದ್ದಳು. ಆದರೆ ಮೊದಲ ದಿನ, ವ್ಯಾನ್ ನಿಂತದ್ದೇ ತಡ, ಔಷಧಿಯ ಬ್ಯಾಗು ಹಿಡಿದು ನೇರವಾಗಿ ಓನರಮ್ಮನ ಬೆನ್ನ ಹಿಂದಿನಿಂದ ನಡೆದು ಹೋಗಿ, ಕಂಬಳಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಟ್ಟಳೆಯ ಪ್ರಕಾರವೇ ನಕ್ಕಿದ್ದಳು.

ಓನರಮ್ಮ ಕಿರುಚಿದ್ದು ಸೇತುವೆಯ ಮೇಲಿನ ಗಾಡಿಗಳಿಗೂ ಕೇಳಿಸಿರಬೇಕು.

"ಗೋಡೆ ಒಡ್ಕೊಂಡು ಬಂದ್ಲಪ್ಪೋ! ಹಾಡಹಗಲು ಹಿಂದಿನ ಗೋಡೆ ಒಡ್ಕೊಂಡು ಬಂದ್ಲು! ನಡಿ ಹೊರಗೆ!"

ಸಿಸ್ಟರ್ ಹೊರಗೆ ಬಂದಳು. ಬಂದ ದಾರಿಯಲ್ಲೇ ಬಂದದ್ದರಿಂದ ಗೋಡೆಯನ್ನು ಎರಡನೇ ಸಲ ಒಡೆದಂತಾಯಿತು, ಕಿರುಚಾಟ ಇನ್ನೂ ಜೋರಾಯಿತು.

"ಪಾಪ, ತಲೆ ಸರಿ ಇಲ್ಲ ಸಿಸ್ಟರ್," ಎಂದ ಹಾರ್ನ್ ಅಣ್ಣ. ಸಿಸ್ಟರಿಗೂ ಹಾಗೇ ಅನ್ನಿಸಿತು. ಹಾಗನ್ನಿಸಿದ್ದೇ ತಪ್ಪಾಯಿತು. ಆಮೇಲೆ ಅವರು ಬಂದಾಗಲೆಲ್ಲ ವ್ಯಾನ್ ಅದೇ ಜಾಗದಲ್ಲಿ ನಿಂತಿತು, ಸಿಸ್ಟರ್ ಅದೇ ಕಡೆಯಿಂದ ಹೋದಳು, ಓನರಮ್ಮ ಅದೇ ಮಾತು ಕಿರುಚಿದಳು. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಹುಣ್ಣು ಮಾತ್ರ ಇವರ ರಾಜಿಗೆ ಕಾಯದೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು.

ಈ ದಿನ ಬೆಳಿಗ್ಗೆ ಸೇತುವೆ ಪಕ್ಕದ ಟೀ ಅಂಗಡಿಯವನು ಫೋನ್ ಮಾಡಿ, ಓನರಮ್ಮನಿಗೆ ಚಳಿಜ್ವರ, ಎರಡು ದಿನದಿಂದ ಟೀ ಕೂಡ ಮುಟ್ಟಿಲ್ಲ ಎಂದಿದ್ದ. ವ್ಯಾನಿನ ಎಂದಿನ ಜಾಗದಲ್ಲಿ ಯಾವುದೋ ಲಾರಿ ನಿಂತಿತ್ತು. ಹಾರ್ನ್ ಅಣ್ಣ ಲಾರಿಯವನ ವಂಶವನ್ನೆಲ್ಲ ಸ್ಮರಿಸುತ್ತ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿಸಿದ. ಅಷ್ಟರಲ್ಲಿ ರೈಲು ಬಂತು, ಮೆಟ್ಟಿಲುಗಳಿಂದ ಜನ ಸುರಿಯತೊಡಗಿದರು, ರಸ್ತೆ ದಾಟುವುದು ಸಾಧ್ಯವೇ ಇರಲಿಲ್ಲ. ಸಿಸ್ಟರ್ ಸೀಟಿನಲ್ಲೇ ಕೂತು, ಬೆರಳಿನಿಂದ ಬ್ಯಾಗಿನ ಮೇಲೆ ತಾಳ ಹಾಕುತ್ತ, ಬೇರೆ ಕೆಲಸವಿಲ್ಲದೆ ನೋಡಿದಳು.

ನೋಡಿದವಳ ಬೆರಳು ನಿಂತಿತು.

ಜನ ಕೆಳಗೆ ನೋಡುತ್ತಿರಲಿಲ್ಲ. ಕೆಲವರು ಫೋನಿನಲ್ಲಿ ಮುಳುಗಿದ್ದರು, ಕೆಲವರು ಬಸ್ಸಿನ ಕಡೆ ಕಣ್ಣು ನೆಟ್ಟು ಓಡುತ್ತಿದ್ದರು. ಓನರಮ್ಮ ಕೂತಿದ್ದ ಜಾಗಕ್ಕೆ ಗೆರೆಯಿರಲಿಲ್ಲ, ಹಗ್ಗವಿರಲಿಲ್ಲ. ಆದರೂ ಮೆಟ್ಟಿಲಿಳಿದು ನೇರ ಬಂದವರೆಲ್ಲ ಒಂದು ಜಾಗದಲ್ಲಿ ಪಕ್ಕಕ್ಕೆ ತಿರುಗಿದರು, ನಾಲ್ಕು ಹೆಜ್ಜೆ ಹೋದರು, ಮತ್ತೆ ತಿರುಗಿ ತಮ್ಮ ದಾರಿ ಹಿಡಿದರು. ಒಬ್ಬರಲ್ಲ, ಇಬ್ಬರಲ್ಲ. ಟೈ ಕಟ್ಟಿದ ಒಬ್ಬ ಮನುಷ್ಯ ಬಸ್ಸಿಗಾಗಿ ಎದ್ದುಬಿದ್ದು ಓಡುತ್ತಿದ್ದವನು, ಅಲ್ಲಿಗೆ ಬಂದಾಗ ಮನೆಯ ಮೂಲೆಯನ್ನು ಸುತ್ತುವವನ ಹಾಗೆ ಭುಜವನ್ನು ಒಳಕ್ಕೆ ಎಳೆದುಕೊಂಡು ತಿರುಗಿದ. ತನ್ನ ಭುಜ ಏನು ಮಾಡಿತೆಂದು ಅವನಿಗೇ ಗೊತ್ತಿರಲಿಲ್ಲ. ಅಷ್ಟು ಜನರ ಹೊಳೆಯ ನಡುವೆ ಆ ಗುಡಿಸಿದ ನೆಲ ಒಣಗಿದ ದ್ವೀಪವಾಗಿ ಉಳಿದಿತ್ತು. ಒಂದು ಹೆಜ್ಜೆಯೂ ಅದರೊಳಗೆ ಬೀಳಲಿಲ್ಲ.

"ಅಣ್ಣಾ, ನೋಡ್ತಾ ಇದೀರಾ?"

ಹಾರ್ನ್ ಅಣ್ಣನ ಬಾಯಿ ಮುಚ್ಚಿತ್ತು. ಆತ ತೋರುಬೆರಳು ಚಾಚಿದ. ಬೀದಿನಾಯಿಯೊಂದು ಟೀ ಅಂಗಡಿಯ ಕಡೆಯಿಂದ ಬಂದು, ಜನರ ಕಾಲುಗಳ ನಡುವೆ ನುಸುಳಿ, ಹಿಂದಿನ ಬದಿಯಿಂದ ಸುತ್ತಿಕೊಂಡು ಮುಂದೆ ಬಂದು, ಕನ್ನಡಿ ಕಟ್ಟಿದ ಕಂಬದ ಪಕ್ಕದ ಸಂದಿನಿಂದ ಒಳಗೆ ಹೋಗಿ ಓನರಮ್ಮನ ಕಾಲ ಬಳಿ ಮಲಗಿತು.

"ಬಾಗಿಲು ಅಲ್ಲಿದೆ," ಎಂದಳು ಸಿಸ್ಟರ್. "ನಾಯಿಗೂ ಗೊತ್ತು. ನನಗೆ ಗೊತ್ತಾಗಲಿಲ್ಲ ನೋಡಿ." ಅಷ್ಟು ವರ್ಷ ಎಮರ್ಜೆನ್ಸಿಯಲ್ಲಿ ಸಾವು ಬದುಕು ಎರಡನ್ನೂ ಹತ್ತಿರದಿಂದ ಕಂಡವಳು, ಆದರೆ ಇಂಥದ್ದೊಂದನ್ನು ಕಂಡಿರಲಿಲ್ಲ.

ಜನ ಕರಗಿದ ಮೇಲೆ ಅವಳು ರಸ್ತೆ ದಾಟಿ, ಸುತ್ತಿಕೊಂಡು ಹೋಗಿ, ಕನ್ನಡಿಯ ಕಂಬದ ಹತ್ತಿರ ನಿಂತಳು. ಚಪ್ಪಲಿ ಬಿಟ್ಟಳು. ಕಂಬವನ್ನು ಮೆಲ್ಲಗೆ ತಟ್ಟಿದಳು.

"ಯಾರು?" ಎಂದಿತು ಸೊರಗಿದ ದನಿ. ಓನರಮ್ಮ ಎದುರಿಗೇ ಕೂತಿದ್ದಳು, ಮೂರು ಮೊಳ ದೂರ. ಆದರೂ ಕೇಳಿದಳು.

"ನಾನಮ್ಮ, ವ್ಯಾನಿನ ನರ್ಸು. ಒಳಗೆ ಬರಬಹುದಾ?"

ಓನರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾ. ಗೋಡೆ ಒಡಿಯೋಳು ಬಾಗಿಲು ಕಲಿತ್ಲಲ್ಲ, ಅಷ್ಟು ಸಾಕು."

ಕಾಲು ನೋಡಲು ಅನುಮತಿ ಸಿಕ್ಕಿತು. ಬಟ್ಟೆ ಬಿಚ್ಚುತ್ತಿದ್ದಂತೆ ಸಿಸ್ಟರಿಗೆ ವಾಸನೆಯೇ ಅರ್ಧ ಹೇಳಿತು. ಬೆರಳುಗಳು ಕಪ್ಪಾಗಿದ್ದವು, ಕೆಂಪು ಬಾವು ಪಾದ ದಾಟಿ ಮೊಣಕಾಲಿನ ಕಡೆ ಹತ್ತುತ್ತಿತ್ತು. ಮೈ ಕಾದಿತ್ತು.

"ಅಮ್ಮಾ, ಸುತ್ತಿ ಬಳಸಿ ಹೇಳಲ್ಲ. ಇವತ್ತೇ ಆಸ್ಪತ್ರೆಗೆ ಹೋದರೆ ಕಾಲು ಉಳಿಸೋಕೆ ನೋಡಬಹುದು. ನಾಳೆ ಅಂದ್ರೆ ಕಾಲು ಹೋಗತ್ತೆ. ನಾಡಿದ್ದು ಅಂದ್ರೆ ನೀವೇ ಹೋಗ್ತೀರಿ."

"ಗೊತ್ತು. ಕಾಲು ನಂದಲ್ವಾ?" ಎಂದಳು ಓನರಮ್ಮ. "ಮನೆ ಬಿಟ್ಟು ಹೇಗೆ ಬರ್ಲಿ?"

"ನಿಮ್ಮ ಸಾಮಾನು ನಾನು ಜೋಪಾನವಾಗಿ..."

"ಸಾಮಾನಿಗೆ ಬೆಂಕಿ ಹಾಕು! ಗೋಡೆ ಯಾರು ನೋಡ್ಕೋತಾರೆ?" ಜ್ವರದಲ್ಲೂ ಅವಳ ಕಣ್ಣು ಕೆಂಡದಂತಿತ್ತು. "ಇದನ್ನ ಏನು ಸುಮ್ನೆ ಎಬ್ಬಿಸಿದೀನಾ? ಮೊದಮೊದಲು ಎಲ್ರೂ ತುಳ್ಕೊಂಡೇ ಹೋಗೋರು. ನನ್ನ ಕೈ ಮೇಲೆ, ಕಂಬಳಿ ಮೇಲೆ. ಪ್ರತಿ ರೈಲಿಗೂ ಕೂತು ಒಬ್ಬೊಬ್ಬರ ಕಾಲು ನೋಡ್ದೆ. ಮುಖ ನೋಡಿದ್ರೆ ಜಗಳಕ್ಕೆ ಬರ್ತಾರೆ, ಕಾಲು ನೋಡಿದ್ರೆ ನಾಚ್ಕೋತಾರೆ. ಬಾಗಿಲು ಆ ಕಡೆ ಇದೆ ಅಂತಿದ್ದೆ, ಅಷ್ಟೇ. ಇವತ್ತು ಒಬ್ಬ ತಿರುಗ್ದ, ನಾಳೆ ಅವನ ಹಿಂದಿನೋನು ತಿರುಗ್ದ. ಹೊಸಬರು ಹಳಬರನ್ನ ನೋಡಿ ತಿರುಗಿದ್ರು. ಈಗ ಯಾಕೆ ತಿರುಗ್ತೀವಿ ಅಂತ ಯಾರಿಗೂ ನೆನಪಿಲ್ಲ. ಆದ್ರೆ ಮನೇಲಿ ಜನ ಇರಬೇಕು. ಖಾಲಿ ಬಿಟ್ರೆ ಸಂಜೆ ರೈಲಿಗೇ ಒಬ್ಬ ತುಳೀತಾನೆ, ಅವನ ಹಿಂದೆ ಇನ್ನೊಬ್ಬ. ನಾಳೆಗೆ ಇದು ಬರೀ ರಸ್ತೆ. ಕಾಲು ಉಳಿಸ್ಕೊಂಡು ಎಲ್ಲಿಗೆ ಬರ್ಲಿ ಹೇಳು."

ತಲೆ ಸರಿಯಿಲ್ಲ ಎಂದುಕೊಂಡಿದ್ದಳಲ್ಲ, ಆ ತಲೆಯ ಮುಂದೆ ಸಿಸ್ಟರಿಗೆ ಈಗ ತಲೆಬಾಗಬೇಕೆನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಉಳಿಸಿಕೊಳ್ಳಲಾಗದ ಮಾತು ಕೊಡಬಾರದೆಂಬ ಕಟ್ಟಳೆ ಅವಳಿಗೆ ನೆನಪಿತ್ತು. ಸ್ವಲ್ಪ ಹೊತ್ತು ಯೋಚಿಸಿಯೇ ಬಾಯಿ ತೆರೆದಳು.

"ನಾನಿರ್ತೀನಿ ಮನೇಲಿ."

"ನೀನಾ? ಗೋಡೆ ಒಡೆದೋಳಾ?"

"ಒಡೆದೋಳಿಗೇ ಅಲ್ವಾ ಅದು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿರೋದು?"

ಓನರಮ್ಮನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ಇನ್ನೊಬ್ರು ಬರೋ ತನಕ ಎದ್ದು ಹೋಗಬಾರ್ದು."

"ಹೋಗಲ್ಲ."

ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬಂತು. ಹಾರ್ನ್ ಅಣ್ಣ ಅವಳ ಜೊತೆಗೆ ಹೊರಟ. ಸ್ಟ್ರೆಚರನ್ನು ಬಾಗಿಲಿನಿಂದಲೇ ಹೊರಗೆ ತರಬೇಕೆಂದು ಆತ ಆಂಬುಲೆನ್ಸಿನ ಹುಡುಗರ ಮೇಲೆ ರೇಗಿದ್ದನ್ನು ಕೇಳಬೇಕಿತ್ತು. "ಹಿಂದೆ ಗೋಡೆ ಇದೆ, ಕಾಣ್ಸಲ್ವೇನ್ರೋ?" ಆ ಹುಡುಗರು ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತಲೆಯಾಡಿಸಿದಳು. ಸ್ಟ್ರೆಚರ್ ಸುತ್ತಿಕೊಂಡು ಹೋಯಿತು.

ಮಧ್ಯಾಹ್ನವೆಲ್ಲ ಸಿಸ್ಟರ್ ಕಂಬಳಿಯ ಪಕ್ಕ ಕೂತಳು. ಸೇತುವೆಯ ಕೆಳಗಿನ ಗಾಳಿ ಕೆಟ್ಟ ಗಾಳಿ, ಹಿಂದಿನ ಬದಿಯಿಂದ ನುಗ್ಗಿ ಬಂದು ಮೂಳೆಗೇ ನಾಟುತ್ತಿತ್ತು. ಆಫೀಸಿಗೆ ಫೋನ್ ಮಾಡಿದಳು, ಬೈಸಿಕೊಂಡಳು. ಮನೆಗೆ ಫೋನ್ ಮಾಡಿದಳು, ಅತ್ತೆ ಎತ್ತಿದರು.

"ಅತ್ತೆ, ಇವತ್ತು ತಡ ಆಗತ್ತೆ. ಒಬ್ಬರ ಮನೇಲಿದೀನಿ."

"ಯಾರ ಮನೆ? ಗಾಡಿಗಳ ಸದ್ದು ಕೇಳಿಸ್ತಿದೆ."

"ರಸ್ತೆ ಪಕ್ಕದ ಮನೆ."

"ಕಿಟಕಿ ಮುಚ್ಕೋ, ಧೂಳು ಬರತ್ತೆ," ಎಂದರು ಅತ್ತೆ. ಸಿಸ್ಟರ್ ಆಗಲಿ ಎಂದಳು.

ಸಂಜೆಯ ರೈಲು ಬರುವ ಹೊತ್ತಾಯಿತು. ಬೆಳಗಿನದಕ್ಕಿಂತ ಸಂಜೆಯ ಜನ ಹೆಚ್ಚು. ಕೂತವಳ ಕಣ್ಣಿಗೆ ಮುಖಗಳಿಲ್ಲ, ಮೆಟ್ಟಿಲಿಳಿದು ಬರುವ ಕಾಲುಗಳಷ್ಟೇ. ಬೂಟು, ಚಪ್ಪಲಿ, ಹಿಮ್ಮಡಿ ಸವೆದದ್ದು, ಹೊಸದು, ನೂರಾರು, ನೇರ ಅವಳ ಕಡೆಗೇ. ಎದ್ದು ಓಡಬೇಕೆನ್ನಿಸಿತು. ಓನರಮ್ಮ ಇದನ್ನು ದಿನಾ ಎದುರಿಸಿದ್ದಳು, ಒಬ್ಬಳೇ, ಗೋಡೆ ಇನ್ನೂ ಎದ್ದಿರದ ಕಾಲದಲ್ಲಿ. ಸಿಸ್ಟರ್ ಹಲ್ಲು ಕಚ್ಚಿ ಮುಂದೆ ಬರುತ್ತಿದ್ದ ಒಂದು ಜೊತೆ ಬೂಟಿನ ಮೇಲೆ ಕಣ್ಣು ನೆಟ್ಟಳು.

ಬೂಟು ತಿರುಗಿತು. ಅದರ ಹಿಂದಿನ ಚಪ್ಪಲಿ ತಿರುಗಿತು. ಹೊಳೆ ಇಬ್ಭಾಗವಾಗಿ ಅವಳ ಎರಡೂ ಪಕ್ಕ ಹರಿಯಿತು. ಅವಳಿಗೆ ಅಳು ಬಂತು. ದುಃಖದ ಅಳುವಲ್ಲ. ಇಷ್ಟು ಜನರ ಮೈಯೊಳಗೆ, ಅವರಿಗೇ ತಿಳಿಯದ ಹಾಗೆ, ಒಬ್ಬ ಹೆಂಗಸಿನ ಮನೆ ಇದೆಯಲ್ಲ ಎಂಬ ಬೆರಗಿಗೆ ಕಣ್ಣು ತುಂಬಿತ್ತು.

ಜನ ತೆಳುವಾದಾಗ ಯಾರೋ ಕಂಬ ತಟ್ಟಿದರು. ಪೊರಕೆ ಹಿಡಿದ ಹೆಂಗಸು, ನಿಲ್ದಾಣದ ಸಮವಸ್ತ್ರ.

"ಓನರಮ್ಮ ಇಲ್ವಾ?"

ಸಿಸ್ಟರ್ ಎಲ್ಲ ಹೇಳಿದಳು. ಗುಡಿಸುವವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆ ಎಲ್ಲೂ ಕೆಟ್ಟಿಲ್ಲ ತಾನೇ ಎನ್ನುವಂತೆ ಸುತ್ತ ನೋಡಿದಳು.

"ಇಷ್ಟು ವರ್ಷ ಇಡೀ ಫುಟ್‌ಪಾತು ಗುಡಿಸ್ತೀನಕ್ಕ, ಇದರೊಳಗೆ ಮಾತ್ರ ಪೊರಕೆ ಇಟ್ಟಿಲ್ಲ. ಕೇಳದೆ ಇನ್ನೊಬ್ಬರ ಮನೆ ಗುಡಿಸೋದು ಹೇಗೆ? ಸವೆದ ಪೊರಕೆ ಬಾಗಿಲಲ್ಲಿಟ್ಟು ಹೋಗ್ತೀನಿ, ಅವರೇ ಗುಡಿಸ್ಕೋತಾರೆ. ನನ್ನ ಪಾಳಿ ಮುಗೀತು. ನಾನಿರ್ತೀನಿ, ನಾಳೆಗೆ ಟೀ ಅಂಗಡಿಯೋನಿಗೆ ಹೇಳೋಣ. ಮನೆ ಖಾಲಿ ಬಿಡೋ ಮಾತೇ ಇಲ್ಲ."

ಅಷ್ಟರಲ್ಲಿ ಫೋನ್ ಬಂತು. ಹಾರ್ನ್ ಅಣ್ಣನ ದನಿ. "ಬೆರಳು ಹೋಯ್ತು ಸಿಸ್ಟರ್, ಪಾದ ಉಳೀತು! ಡಾಕ್ಟ್ರು ಹೇಳಿದ್ರು. ಅಮ್ಮಂಗೆ ಎಚ್ಚರ ಆಗಿದ್ದೇ ಫೋನ್ ಕೊಡು ಅಂತ ಕಿತ್ಕೋತಿದಾರೆ, ತಗೊಳ್ಳಿ."

"ಮನೇಲಿ ಯಾರಿದಾರೆ?" ಎಂದಿತು ಒಣಗಿದ ದನಿ.

"ಇಬ್ಬರಿದ್ದೀವಮ್ಮ. ಗೋಡೆ ಗಟ್ಟಿಯಾಗಿದೆ."

"ಗಾಳಿ ಜೋರಿದೆಯಾ?" ಎಂದಳು ಓನರಮ್ಮ.

"ಇದೆಯಮ್ಮ. ತುಂಬಾ ಚಳಿ."

"ನಡುವೆ ಕೂತಿದೀಯ ಅಂತ ಕಾಣತ್ತೆ. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತ್ಕೋ. ಅಲ್ಲಿ ಗಾಳಿ ಹತ್ತಲ್ಲ."

ಹಿಂದಿನ ಗೋಡೆ ಎಂದರೆ ಅವಳು ಒಡೆದ ಗೋಡೆ. ಅಲ್ಲಿ ಏನೂ ಇರಲಿಲ್ಲ. ಸಿಸ್ಟರ್ ಹಿಂದಕ್ಕೆ ಸರಿದಳು, ಗುಡಿಸಿದ ನೆಲ ಮುಗಿಯುವಲ್ಲಿಯವರೆಗೂ ಸರಿದು, ಬೀದಿಗೆ ಬೆನ್ನು ಮಾಡಿ ಕೂತಳು. ಬೆನ್ನು ಹೆದರಿ ಸೆಟೆದುಕೊಂಡಿತ್ತು. ಮುಂದಿನ ರೈಲು ಬಂತು. ಕಾಲುಗಳ ಸದ್ದು ಹತ್ತಿರವಾಯಿತು, ತಿರುಗಿತು, ಅವಳ ಬೆನ್ನಿನಿಂದ ಗೇಣು ದೂರದಲ್ಲಿ ಜನ ಸಾಲಾಗಿ, ಒತ್ತೊತ್ತಾಗಿ ಹಾದುಹೋಗತೊಡಗಿದರು. ಒಂದು ಸೆರಗೂ ಅವಳಿಗೆ ತಾಗಲಿಲ್ಲ. ಅವಳು ಮೆಲ್ಲಗೆ ಬೆನ್ನನ್ನು ಸಡಿಲಬಿಟ್ಟಳು. ಗಾಳಿ ನಿಜಕ್ಕೂ ನಿಂತಿತ್ತು.